ಚಪ್ಪಾಳೆ ತಟ್ಟಬೇಡಿ, ಕೊಆಲಾ ಮಲಗಿದೆ

ರಾತ್ರಿ ಪಾಳಿ ಮಾಡುವವರ ಮನೆಯಲ್ಲಿ ಹಗಲು ಎಷ್ಟು ಗದ್ದಲವಿರುತ್ತದೆ ಎಂಬುದು ಆ ಪಾಳಿ ಮಾಡಿದವರಿಗೇ ಗೊತ್ತು. ಪರದೇಶದ ಗ್ರೀನ್‌ಫರ್ಡ್‌ನಲ್ಲಿರುವ ಶ್ರೀಲತಾ, ಅಲ್ಲಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಡಾಕ್ಟರು. ಧಾರವಾಡದವಳು. ಆ ವಾರ ಅವಳಿಗೆ ನೈಟ್ ಡ್ಯೂಟಿ. ಬೆಳಿಗ್ಗೆ ಮನೆಗೆ ಬಂದು, ಸಿಕ್ಕಿದ್ದು ತಿಂದು, ಪರದೆ ಎಳೆದು ಮಲಗುತ್ತಿದ್ದಳು. ಅಷ್ಟರಲ್ಲಿ ಪಾರ್ಸೆಲ್‌ನವನು ಬೆಲ್ ಒತ್ತುವನು. ಪಕ್ಕದ ಮನೆಯಲ್ಲಿ ಡ್ರಿಲ್ ಶುರುವಾಗುವುದು. ಊರಿಂದ ವಿಡಿಯೊ ಕಾಲ್ ಬರುವುದು. "ಶ್ರೀಲತಾ ಎಲ್ಲಿ? ಒಂದ್ಸಲ ಮುಖ ತೋರಸ್ರಿ" ಅನ್ನುವರು.

ಗಂಡ ಸುಶಾಂತ ಐಟಿಯವನು. ಮನೆಯಿಂದಲೇ ಕೆಲಸ. ಮನುಷ್ಯ ಒಳ್ಳೆಯವನು. ಆದರೆ ನಿದ್ದೆ ಅಂದರೆ ಯಾವಾಗ ಬೇಕಾದರೂ ನಿಲ್ಲಿಸಿ ಮತ್ತೆ ಮುಂದುವರಿಸಬಹುದು ಎಂದು ನಂಬಿದವನು. ಡಿಸೆಂಬರ್ ರಜೆಗೆ ಗಂಡ ಹೆಂಡತಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಕಾಡಿನಲ್ಲಿರುವ ಕೊಆಲಾದ ಫೋಟೊ ತೆಗೆಯಬೇಕೆಂದು ಸುಶಾಂತ ಹೊಸ ಕ್ಯಾಮೆರಾ, ಉದ್ದನೆಯ ಲೆನ್ಸು ಎಲ್ಲ ತಂದಿಟ್ಟುಕೊಂಡಿದ್ದ.

ಆ ಭಾನುವಾರ ಮಾಳವಿಕಾಳನ್ನು ಊಟಕ್ಕೆ ಕರೆದಿದ್ದರು. ಮೈಸೂರಿನ ಮಾಳವಿಕಾ ಶ್ರೀಲತಾಳ ಜೊತೆಗೇ ಕೆಲಸ ಮಾಡುವ ಡಾಕ್ಟರು. ಮೊದಲು ಕೆಲವು ವರ್ಷ ಆಸ್ಟ್ರೇಲಿಯಾದಲ್ಲಿದ್ದಳು. ಅಲ್ಲಿ ರಜೆಯ ದಿನಗಳಲ್ಲಿ ವನ್ಯಜೀವಿ ಆಸ್ಪತ್ರೆಗೆ ಹೋಗಿ ಕೈಲಾದ ಸಹಾಯ ಮಾಡುತ್ತಿದ್ದಳು. ಅಂದು ಅವಳಿಗೂ ಸಾಕಾಗಿತ್ತು. ಕೋಟು ಬಿಚ್ಚದೆ ಸೋಫಾದಲ್ಲಿ ಕುಳಿತಳು.

ಸುಶಾಂತನ ತಾಯಿ ಬಸಲಿಂಗವ್ವ ಊರಿಂದ ಬಂದಿದ್ದರು. ಮಗನ ಫೋನಿನಲ್ಲಿದ್ದ ಚಿತ್ರ ನೋಡಿ ಕೇಳಿದರು, "ಇದೇನು, ಕರಡಿ ಮರಿ ಇದ್ದಂಗ ಐತಲ್ಲ?"

"ಕರಡಿ ಅಲ್ಲಮ್ಮ. ಕಾಂಗರೂ ಥರ ಹೊಟ್ಟೆ ಚೀಲದಲ್ಲಿ ಮರಿ ಸಾಕೋ ಪ್ರಾಣಿ," ಎಂದಳು ಮಾಳವಿಕಾ. "ನೀಲಗಿರಿ ಮರದಲ್ಲೇ ವಾಸ. ನೀಲಗಿರಿ ಎಲೇನೇ ಊಟ."

"ನೀಲಗಿರಿ ಎಲಿನಾ? ಆಡು ಮುಟ್ಟದ ಸೊಪ್ಪಿಲ್ಲ ಅಂತಾರ. ಆ ಆಡೂ ನೀಲಗಿರಿ ಮೂಸಿ ನೋಡಂಗಿಲ್ಲ."

"ಅದೇ ಅಮ್ಮ. ಆ ಎಲೇಲಿ ಸತ್ವ ಕಮ್ಮಿ, ವಿಷ ಬೇರೆ ಇದೆ. ಅದನ್ನ ಅರಗಿಸಿಕೊಳ್ಳೋದ್ರಲ್ಲೇ ಮೈಯಲ್ಲಿರೋ ಶಕ್ತಿ ಹೋಗತ್ತೆ. ಅದಕ್ಕೇ ದಿನದ ಮುಕ್ಕಾಲು ಪಾಲು ಮಲಗೇ ಇರತ್ತೆ. ಜನ ಸೋಮಾರಿ ಅಂತಾರೆ. ಸೋಮಾರಿ ಅಲ್ಲ, ಹಾಗೆ ಮಲಗದಿದ್ರೆ ಅದು ಬದುಕಲ್ಲ."

ಸುಶಾಂತ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾರೋ ಪ್ರವಾಸಿಗರು ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಕೊಆಲಾ ಬೆಚ್ಚಿ ತಿರುಗಿ ನೋಡುತ್ತದೆ.

"ನೋಡ್ರಿ, ಇಷ್ಟ ಸಾಕು. ಮುಖ ಸಿಗತೈತಿ. ಆಮ್ಯಾಲ ಅದು ತನ್ನ ಪಾಡಿಗೆ ತಾನು ಮಲಗತೈತಿ."

ಮಾಳವಿಕಾ ಫೋನನ್ನು ಪಕ್ಕಕ್ಕೆ ಸರಿಸಿದಳು. ಎಬ್ಬಿಸಬೇಡಿ ಎಂಬ ಮಾತನ್ನು ಅವಳು ಎಷ್ಟೋ ಜನರಿಗೆ ಹೇಳಿ ದಣಿದಿದ್ದಳು.

"ಒಂದು ಬೇಸಿಗೇಲಿ ನಾನಿದ್ದ ಕಡೆಗೆ ಒಂದು ಹೆಣ್ಣು ಕೊಆಲಾ ತಂದ್ರು ಸುಶಾಂತ್. ಅದು ಮಲಗಿದ್ದ ಮರವನ್ನ ಯಾರೋ ಫೋಟೊಗೋಸ್ಕರ ಅಲ್ಲಾಡಿಸಿದ್ರಂತೆ. ಅದು ಹೆದರಿ, ಬೇರೆ ಮರಕ್ಕೆ ಹೋಗಕ್ಕೆ ಅಂತ ಕೆಳಗಿಳೀತು. ಉರಿಬಿಸಿಲು. ನೆಲದ ಮೇಲೆ ಅದಕ್ಕೆ ಓಡಕ್ಕೆ ತ್ರಾಣ ಇರಲ್ಲ. ನಾಯಿ ಹಿಡೀತು. ಚೀಲದಲ್ಲಿ ಮರಿ ಇತ್ತು. ಮರಿ ಉಳೀತು, ತಾಯಿ ಉಳೀಲಿಲ್ಲ. ಫೋಟೊ ತೆಗೆದವರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಅವರು ಆಗ್ಲೇ ಕಾರು ಹತ್ತಿ ಹೋಗಿದ್ರು."

"ಪಾಪ," ಎಂದ ಸುಶಾಂತ. "ಆದ್ರ ಎಲ್ಲಾ ಕಡೆ ಹಂಗ ಆಗತೈತೇನ್ರಿ? ದಿನಾ ಎಷ್ಟು ಮಂದಿ ಫೋಟೊ ತಗೀತಾರ. ಒಂದ್ಸಲ ಎಚ್ಚರಾದ್ರ ಏನಾತು?"

ಅಡುಗೆ ಮೇಜಿಗೆ ಬಂತು. ಎಲ್ಲರೂ ಸೇರಿದ್ದೇವೆ, ಒಂದು ಫೋಟೊ ಆಗಲಿ ಎಂದು ಸುಶಾಂತ ಒಳಗೆ ಮಲಗಿದ್ದ ಹೆಂಡತಿಯನ್ನು ಕರೆಯಲು ಎದ್ದ.

"ಮಲಗಲಿ ಬಿಡಪಾ," ಎಂದರು ಬಸಲಿಂಗವ್ವ.

"ಐದು ನಿಮಿಷ ಅಷ್ಟ, ಅವ್ವಾ."

ಶ್ರೀಲತಾ ಬಂದಳು. ಕಣ್ಣು ಕೆಂಪಾಗಿದ್ದವು. ಅತ್ತೆಯ ಪಕ್ಕ ಕುಳಿತು ನಕ್ಕಳು. ಫೋಟೊ ಆಯಿತು. ಮತ್ತೆ ಹೋಗಿ ಮಲಗಿದಳು. ಆದರೆ ಹೋದ ನಿದ್ದೆ ಮರಳಿ ಬರಲಿಲ್ಲ. ಪಕ್ಕದ ಮನೆಯ ಸದ್ದು ಕೇಳುತ್ತ, ಸೂರು ನೋಡುತ್ತ ಬಿದ್ದುಕೊಂಡಿದ್ದಳು. ಮತ್ತೆ ಡ್ಯೂಟಿಗೆ ಹೊರಡುವ ಹೊತ್ತಾಯಿತು.

ಮಾಳವಿಕಾ ಮನೆಗೆ ಹೋದ ಮೇಲೆ, ಸಂಜೆ, ಶ್ರೀಲತಾ ಕಾರು ತೆಗೆದುಕೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಸುಶಾಂತನ ಫೋನು ರಿಂಗಾಯಿತು. ಅವಳೇ.

"ರೀ, ನನಗೇನೂ ಆಗಿಲ್ಲ. ಕಾರು ಫುಟ್‌ಪಾತ್ ಮ್ಯಾಲ ಹತ್ತೇತಿ. ಕಣ್ಣು ಮುಚ್ಚಿದ್ದ ಗೊತ್ತಾಗಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇರಲಿಲ್ಲರೀ."

ಸುಶಾಂತ ಟ್ಯಾಕ್ಸಿ ಹಿಡಿದು ಓಡಿದ. ಕಾರಿನ ಮುಂಭಾಗ ಕಂಬಕ್ಕೆ ತಾಗಿ ನಿಂತಿತ್ತು. ಶ್ರೀಲತಾ ಆಸ್ಪತ್ರೆಯ ಬ್ಯಾಡ್ಜು ಕೊರಳಿಗೆ ಹಾಕಿಕೊಂಡೇ ಒಳಗೆ ಕುಳಿತಿದ್ದಳು. ಕೆಲಸಕ್ಕೆ ಬರಲಾಗುವುದಿಲ್ಲ ಎಂದು ಆಗಲೇ ತಿಳಿಸಿದ್ದಳು. ಅವನು ಅವಳ ಕೈ ಹಿಡಿದ. ಬೆರಳು ತಣ್ಣಗಿದ್ದವು.

"ಬೈಯೂದಿದ್ರ ಬೈ," ಎಂದ.

"ಬೈಯಾಕೂ ಶಕ್ತಿ ಇಲ್ಲ. ಐದು ನಿಮಿಷ ಅಂದ್ರಿ. ಅದರಾಗ ಇಡೀ ದಿನದ ನಿದ್ದಿ ಹೋತು. ನಾ ಏನು ಮಾಡಲಿ?"

ಅವನು ಅವಳನ್ನು ಟ್ಯಾಕ್ಸಿಗೆ ಕೂರಿಸಿದ. ಮನೆಗೆ ಬಂದು ಬೆಲ್ಲಿನ ಬ್ಯಾಟರಿ ತೆಗೆದಿಟ್ಟ. ಊರಿನವರಿಗೆ, ನಾವಾಗಿಯೇ ಮಾಡುವ ತನಕ ಕಾಲ್ ಮಾಡಬೇಡಿ ಎಂದು ಮೆಸೇಜು ಹಾಕಿದ. ಶ್ರೀಲತಾ ಮರುದಿನ ಮಧ್ಯಾಹ್ನದವರೆಗೆ ಮಲಗಿದಳು. ಬಸಲಿಂಗವ್ವ ಕುಕ್ಕರನ್ನೂ ಇಡಲಿಲ್ಲ.

ಕೆಲವು ದಿನ ಬಿಟ್ಟು ಸುಶಾಂತ ಮಾಳವಿಕಾಗೆ ಫೋನ್ ಮಾಡಿದ.

"ಅವತ್ತು ನೀವು ಹೇಳಿದ್ದು ತಲ್ಯಾಗ ಕುಂತೈತಿ. ಹಂಗಾದ್ರ ಫೋಟೊ ತಗಿಯೂದು ಹೆಂಗರಿ? ಬಿಟ್ಟಬಿಡಬೇಕೇನು?"

"ಬಿಡೋದು ಬೇಡ. ದೂರದಿಂದ ತೆಗೀರಿ. ಲೆನ್ಸು ಇರೋದೇ ಅದಕ್ಕಲ್ವಾ? ಮರದ ಸುತ್ತ ಗುಂಪು ಕಟ್ಟಬೇಡಿ, ಕೂಗಬೇಡಿ. ಫ್ಲ್ಯಾಶ್ ಬೇಡ, ಡ್ರೋನ್ ಬೇಡ. ಅದು ಕಿವಿ ನಿಗುರಿಸಿ ನಿಮ್ಮನ್ನೇ ನೋಡ್ತಿದ್ರೆ, ಮೇಲಕ್ಕೆ ಹತ್ತಕ್ಕೆ ಶುರು ಮಾಡಿದ್ರೆ, ನೀವು ಹತ್ತಿರ ಬಂದಿದೀರಿ ಅಂತ ಅರ್ಥ. ಹಿಂದೆ ಸರೀರಿ. ಹೊತ್ತು ಮುಳುಗಿದ ಮೇಲೆ ಸಾಮಾನ್ಯವಾಗಿ ತಾನಾಗೇ ಏಳತ್ತೆ. ಅಲ್ಲೀತನಕ ಕಾಯಕ್ಕಾಗದಿದ್ರೆ ಮಲಗಿರೋದನ್ನೇ ತೆಗೀರಿ."

"ಬಿಸಲಾಗ ಬಾಟಲಿ ನೀರು ಕುಡಿಸಬಹುದೇನ್ರಿ?"

"ಬಾಯಿಗೆ ಹಿಡೀಲೇಬೇಡಿ. ನೀರು ಶ್ವಾಸಕೋಶಕ್ಕೆ ಹೋದ್ರೆ ಸಾಯತ್ತೆ. ಹಗಲಲ್ಲಿ ನೆಲದ ಮೇಲೆ ಕೂತೇ ಇದ್ರೆ, ಕಣ್ಣು ಕೆಂಪಾಗಿ ಸೋರ್ತಿದ್ರೆ, ಮುಟ್ಟದೆ ಅಲ್ಲಿನ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ."

ಜನವರಿಯಲ್ಲಿ ಅವರು ವಾಪಸು ಬಂದರು. ಮಾಳವಿಕಾ ಫೋಟೊ ನೋಡಲು ಬಂದಾಗ ಸುಶಾಂತ ಟೀವಿಗೆ ಹಾಕಿ ತೋರಿಸಿದ. ನೀಲಗಿರಿಯ ಕವಲು, ಎಲೆಗಳ ನೆರಳು, ಬೂದು ಬಣ್ಣದ ದುಂಡು ಬೆನ್ನು. ಅಷ್ಟೇ.

"ನಾವು ಹೋದಾಗ ಮರದ ಕೆಳಗ ಮಂದಿ ಶಿಳ್ಳಿ ಹಾಕ್ಲಿಕತ್ತಿದ್ರು," ಎಂದಳು ಶ್ರೀಲತಾ. "ಇವ್ರು ಹೋಗಿ, ಮಲಗೈತಿ, ಬ್ಯಾಡ್ರಿ ಅಂತ ಕೇಳಿಕೊಂಡ್ರು. ಇಬ್ಬರು ಸುಮ್ಮನಾದ್ರು. ಒಬ್ಬಾವ ಮಾತ್ರ ನಿನಗೇನು ಅಂದ. ಇವ್ರು ಜಗಳಾಡಲಿಲ್ಲ. ಅವನ ಹೆಂಡತಿ ಕಡೀಕೆ ಅವನ ಕೈ ಹಿಡಿದು ಕರಕೊಂಡ ಹೋದ್ಲು."

"ಅದರ ಒಂದು ಕಿವಿ ನೆಟ್ಟಗಾಗಿತ್ರಿ," ಎಂದ ಸುಶಾಂತ. "ನಾವೂ ಹಿಂದ ಸರಿದ್ವಿ. ಆಮ್ಯಾಲ ಕಿವಿ ಇಳೀತು. ಅದ ಹೊತ್ತಿಗೆ ತಗದದ್ದು ಇದು."

ಮಾಳವಿಕಾ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು. "ನನಗೊಂದು ಕಳಿಸಿ," ಎಂದಳು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಈ ವರ್ಷ ನಿಮ್ಮಲ್ಲೂ ಯಾರಾದರೂ ಕೊಆಲಾ ನೋಡಲು ಹೊರಡಬಹುದು. ಹೋಗಿ, ನೋಡಿ, ಮಕ್ಕಳಿಗೂ ತೋರಿಸಿ. ಆದರೆ ಕೂಗಬೇಡಿ, ಮರ ಅಲುಗಿಸಬೇಡಿ, ಮುಟ್ಟಲು ಕೈ ಚಾಚಬೇಡಿ. ಪಕ್ಕದವರು ಹಾಗೆ ಮಾಡಿದರೆ ಮೆಲ್ಲಗೆ ತಿಳಿಹೇಳಿ. ಎಲ್ಲರೂ ಕೇಳುವುದಿಲ್ಲ, ಒಬ್ಬರು ಕೇಳಿದರೂ ಆಯಿತು. ಎಲ್ಲಿಗೂ ಹೋಗದೆ ಗ್ರೀನ್‌ಫರ್ಡ್‌ನಂಥ ಊರಲ್ಲೇ ಇರುವವರು ನಿಮ್ಮ ಗಾರ್ಡನ್ನಿಗೆ ಬರುವ ನರಿಯ ವಿಷಯದಲ್ಲೂ, ಪಾರ್ಕಿನ ಜಿಂಕೆಯ ವಿಷಯದಲ್ಲೂ ಇಷ್ಟೇ ದೂರ ಇಟ್ಟುಕೊಳ್ಳಿ. ಬೆನ್ನಿನ ಫೋಟೊ ಮಾತ್ರ ಸಿಕ್ಕರೆ ಅದನ್ನೇ ಊರಿಗೆ ಕಳಿಸಿ. ಮುಖ ಎಲ್ಲಿ ಎಂದು ಕೇಳಿದವರಿಗೆ, ಮಲಗಿತ್ತು, ಎಬ್ಬಿಸಲಿಲ್ಲ ಎಂದು ಹೇಳಿ.