ಅದೇ ಗದ್ದೆಯ ಮಣ್ಣು

ಆ ದಿನ ಬೆಳಗ್ಗೆ ಶಿರಸಿಯ ಮೇಲೆ ಕವಿದ ಮಂಜು ಎಂಟು ಗಂಟೆಯಾದರೂ ಕರಗಿರಲಿಲ್ಲ. ಅರವತ್ನಾಲ್ಕನೇ ಇಸವಿಯ ಮಾಘಮಾಸ. ಆಸ್ಪತ್ರೆಯ ಹೆಂಚಿನಿಂದ ಇಬ್ಬನಿ ತಟತಟ ತೊಟ್ಟಿಕ್ಕುತ್ತಿತ್ತು. ಬನವಾಸಿ ಕಡೆಗೆ ಹೊರಟ ಬಸ್ಸಿನ ಸದ್ದು ಕೇಳಿತೇ ಹೊರತು ಬಸ್ಸು ಕಾಣಲಿಲ್ಲ. ದಾಸನಕೊಪ್ಪದ ಕಲ್ಲವ್ವ ಜಗಲಿಯಲ್ಲಿ ನಿಂತು, ಸೂರ್ಯ ಇರಬಹುದಾದ ಕಡೆಗೆ ಅಂದಾಜಿನ ಮೇಲೆ ಕೈ ಮುಗಿದಳು. ದೇವರು ಕಾಣದಿದ್ದರೂ ಅಲ್ಲೇ ಇರುತ್ತಾನೆಂಬ ನಂಬಿಕೆ ಅವಳಿಗೆ ಹುಟ್ಟಿನಿಂದ ಬಂದದ್ದು. ಆದರೆ ಈಗ ಐದು ದಿನಗಳಿಂದ ಆ ದೇವರ ಮುಖ ನೋಡಲು ಅವಳಿಗೆ ಅಂಜಿಕೆಯಾಗುತ್ತಿತ್ತು.

ಅಂಜಿಕೆಗೆ ಕಾರಣ ಒಳಗೆ ಮಂಚದ ಮೇಲಿತ್ತು. ಸೊಸೆ ನೀಲಗಂಗವ್ವ ದಿಂಬೂ ಇಲ್ಲದೆ ಅಂಗಾತ ಮಲಗಿದ್ದಳು. ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿತ್ತು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಕರೆತಂದಿದ್ದರು. ಡಾಕ್ಟರು ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗೆ ಮರಗಟ್ಟಿಸಿ, ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ತೆಗೆದಿದ್ದರು. ತಾಯಿ ಬದುಕಿದಳು, ಮಗು ಬದುಕಿತು. ಎರಡನೆಯ ದಿನ ತಲೆನೋವು ಶುರುವಾಯಿತು.

ಅದೆಂಥ ತಲೆನೋವು! ಮಲಗಿದರೆ ಏನೂ ಇಲ್ಲ. ತಲೆ ಒಂದು ಗೇಣು ಮೇಲೆತ್ತಿದರೆ ಸಾಕು, ಒಳಗೆ ಒನಕೆ ಹಾಕಿ ಕುಟ್ಟಿದ ಹಾಗೆ. ಕಣ್ಣು ಕತ್ತಲೆ, ವಾಂತಿ, ಕತ್ತು ಬಿಗಿತ. ಡಾಕ್ಟರು, "ತಲೆ ಎತ್ತಬಾರದು, ನೀರು ಕುಡೀಬೇಕು, ಕುಡಿದಷ್ಟೂ ಒಳ್ಳೇದು" ಎಂದಿದ್ದರು. ಕಲ್ಲವ್ವ ದಿನಾ "ಹೂನ್ರಿ" ಎನ್ನುತ್ತಿದ್ದಳು.

ಹೂಂ ಎಂದರೂ ನಡೆಯುತ್ತಿದ್ದುದು ಬೇರೆ. ನೀಲಗಂಗವ್ವ ಲಿಂಗಪೂಜೆಯಾಗದೆ ಹನಿ ನೀರನ್ನೂ ಗಂಟಲಿಗೆ ಇಳಿಸುವವಳಲ್ಲ. ಪೂಜೆಯೆಂದರೆ ಎದ್ದು ಕೂತು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ಎರಡು ದಿನ ಹಲ್ಲು ಕಚ್ಚಿ ಮುಗಿಸಿದಳು. ನಿನ್ನೆ ಅರ್ಧಕ್ಕೇ ವಾಂತಿಯಾಗಿ ಒರಗಿದಳು. ಪೂಜೆ ಮುಗಿಯಲಿಲ್ಲ, ನೀರೂ ಇಳಿಯಲಿಲ್ಲ. ಎದೆಹಾಲು ಬತ್ತತೊಡಗಿತ್ತು. ಕೂಸಿಗೆ ಅತ್ತು ಅತ್ತು ದನಿ ಕಟ್ಟಿತ್ತು.

ಈ ಹೊತ್ತು ನರ್ಸ್ ಪರಿಮಳಾ ಮಂಚದ ಬಳಿಯ ತಂಬಿಗೆ ಎತ್ತಿ ನೋಡಿದಳು. ನಿನ್ನೆ ತುಂಬಿಸಿದ ನೀರು ಹಾಗೇ ಇತ್ತು. ಅವಳು ಹೋಗಿ ಡಾಕ್ಟರ್ ದಿನಕರರನ್ನು ಕರೆತಂದಳು. ಇಬ್ಬರೂ ಸಿದ್ದಾಪುರ ಕಡೆಯ ತೋಟದ ಮನೆಗಳವರು. ದಿನಕರ ಮುಂಬೈಯಲ್ಲಿ ಕಲಿತು ಬಂದು ವರ್ಷವಾಗಿತ್ತಷ್ಟೆ.

"ಎಂತಕ್ಕೆ ಕುಡಿದಿಲ್ಲ ಅಮ್ಮಾ?" ಎಂದರು ಡಾಕ್ಟರು.

ಕಲ್ಲವ್ವ ಪೂಜೆಯ ಸಂಗತಿ ಹೇಳಿದಳು. ಡಾಕ್ಟರು ಸಿಟ್ಟಾಗಲಿಲ್ಲ.

"ಮಲಗಿಕೊಂಡೇ ಪೂಜೆ ಮಾಡಬಹುದಲ್ಲ? ದೇವರಿಗೂ ಗೊತ್ತಾಗ್ತದೆ."

"ನಾನೂ ಅದನ್ನ ಹೇಳೀನ್ರಿ. ಕೇಳಬೇಕಲ್ಲ!"

ನೀಲಗಂಗವ್ವ ಕಣ್ಣು ಮುಚ್ಚಿಯೇ ಮೆಲ್ಲಗೆ ಅಂದಳು: "ಮನಿಗೆ ಬೀಗರು ಬಂದರ ಎದ್ದು ಕೂಡತೀವಿ. ಅಂವ ಬಂದರ ಬಿದ್ದುಕೊಂಡು ಬಾ ಅನ್ನೂದೇನ್ರಿ?"

ಡಾಕ್ಟರು ಕುರ್ಚಿ ಎಳೆದು ಕಲ್ಲವ್ವನ ಎದುರು ಕೂತು ಹೇಳಿದರು: "ಇನ್ನು ಕಾಯೋದು ಬೇಡ. ಇವರ ತೋಳಿನಿಂದ ಎರಡು ಚಮಚದಷ್ಟು ರಕ್ತ ತೆಗೆದು, ಅದನ್ನ ಇವರದ್ದೇ ಬೆನ್ನಿಗೆ ಸೂಜಿಯಲ್ಲಿ ಹಾಕ್ತೇನೆ. ನೋವು ನಿಲ್ತದೆ."

ಕಲ್ಲವ್ವ ಸೊಸೆಯ ಕಡೆ ನೋಡಿದಳು. ಹೆತ್ತು ಬಿಳಿಚಿಕೊಂಡು ಬಿದ್ದವಳ ಮೈಯಿಂದ ಮತ್ತೆ ರಕ್ತ! ಅದೂ ಚೆಲ್ಲುವುದಕ್ಕಲ್ಲ, ತಿರುಗಿ ಒಳಗೆ ಹಾಕುವುದಕ್ಕೆ! ಒಮ್ಮೆ ಚುಚ್ಚಿದ ಬೆನ್ನಿಗೇ ಮತ್ತೊಂದು ಸೂಜಿ! ಬಾಯಿಗೆ ಸೆರಗು ಅಡ್ಡ ಬಂತು.

"ಜಿಗಣಿ ಹಚ್ಚಿ ರಕ್ತ ತಗದವರನ್ನ ನಮ್ಮೂರಾಗ ನೋಡೀನ್ರಿ ಸಾಹೇಬ್ರ. ತಗದದ್ದನ್ನ ತಿರುಗಿ ತುಂಬಿದವರನ್ನ ಕಂಡಿಲ್ಲ. ನೀವು ಎಷ್ಟು ಮಂದಿಗೆ ಮಾಡೀರಿ?"

"ಒಬ್ಬರಿಗೂ ಇಲ್ಲ. ಮುಂಬೈಯಲ್ಲಿ ಒಂದು ಸಲ ಮಾಡಿದ್ದನ್ನ ನೋಡಿದ್ದೇನೆ. ಹೊರದೇಶದವರು ಬರೆದದ್ದನ್ನ ಓದಿದ್ದೇನೆ."

ಪರಿಮಳಾ ಡಾಕ್ಟರ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ ಮೆಲ್ಲಗೆ ಕೇಳಿದಳು: "ಇದು ಆಗ್ತಾ ಡಾಕ್ಟ್ರೇ? ಬೇರೆ ಎಂತದೂ ಇಲ್ಯಾ?"

"ಬೇರೆ ಇಲ್ಲೆ. ಆಗ್ತು. ಸೂಜಿ ಕುದಿಸು."

ಆಗ ಕಲ್ಲವ್ವ ಇದ್ದಕ್ಕಿದ್ದಂತೆ ಡಾಕ್ಟರ ಕಾಲ ಬಳಿ ಕೂತುಬಿಟ್ಟಳು. ಐದು ದಿನ ಎದೆಯಲ್ಲಿ ಕಟ್ಟಿಟ್ಟದ್ದು ಒಡೆಯಿತು.

"ಆಕಿಗೆ ಸೂಜಿ ಬ್ಯಾಡ್ರಿ. ತಪ್ಪು ನಂದು. ಅವತ್ತು ಒಳಗ ಒಯ್ಯುವಾಗ ಗಂಟು ಬಿಚ್ಚಲಿಲ್ಲ ಅಂತ ನರ್ಸಬಾಯಿ ಶಿವದಾರ ಕತ್ತರಿಸಿ ಲಿಂಗ ನನ್ನ ಕೈಯಾಗ ಕೊಟ್ಟರು. ಉಡಿಯಾಗ ಇಟ್ಟುಕೊಂಡು ಕುಂತಿದ್ದೆ. ಆಮ್ಯಾಲ ಕೂಸು ತಂದು ತೋರಿಸಿದರಲ್ಲ, ಎದ್ದು ಎರಡೂ ಕೈ ಚಾಚಿಬಿಟ್ಟೆ. ಕರಡಿಗಿ ನೆಲಕ್ಕ ಬಿತ್ತು. ಮಂದಿ ಬಿಟ್ಟ ಚಪ್ಪಲಿ ನಡುವ ಉರುಳಿತು. ತೊಳದು, ಹೊಸಾ ದಾರ ಹಾಕಿ, ಏನೂ ಆಗದವರ ಹಂಗ ಆಕಿ ಕೊರಳಿಗೆ ಕಟ್ಟಿದೆ. ಮರುದಿನಾನ ತಲಿನೋವು. ಶಿವ ನನಗ ಕೊಡಬೇಕಾದ್ದನ್ನ ಆಕಿಗೆ ಕೊಟ್ಟಾನ್ರಿ."

ಬಾಗಿಲಲ್ಲಿ ನಿಂತಿದ್ದ ಮಗ ಚಂದ್ರಶೇಖರಪ್ಪ "ಅವ್ವಾ!" ಎಂದ. ಕಲ್ಲವ್ವನಿಗೆ ಸೊಸೆಯ ಮುಖ ನೋಡುವ ಧೈರ್ಯ ಬರಲಿಲ್ಲ.

ದಿನಕರ ಅವಳನ್ನು ಎಬ್ಬಿಸಲು ಹೋಗಲಿಲ್ಲ. ತಾವೇ ಕುರ್ಚಿ ಬಿಟ್ಟು ಅವಳ ಎದುರು ನೆಲದ ಮೇಲೆ ಕೂತರು. ಡಾಕ್ಟರು ನೆಲಕ್ಕೆ ಕೂತದ್ದನ್ನು ಕಲ್ಲವ್ವ ಅದುವರೆಗೆ ಕಂಡಿರಲಿಲ್ಲ.

"ಅಮ್ಮಾ, ತಪ್ಪು ನಿಮ್ಮದಲ್ಲ. ನನ್ನದು. ಬೆನ್ನಿನ ಒಳಗೆ ಒಂದು ಚೀಲ ಇದೆ, ಅದರಲ್ಲಿ ತಿಳಿನೀರು. ಮೆದುಳು ಆ ನೀರಿನಲ್ಲೇ ತೇಲ್ತದೆ. ಮರಗಟ್ಟಿಸೋಕೆ ನಾನು ಚುಚ್ಚಿದಾಗ ಚೀಲಕ್ಕೆ ತೂತು ಬಿತ್ತು. ಸಾಧಾರಣ ಅದೇ ಮುಚ್ಚಿಕೊಳ್ತದೆ. ಅವತ್ತು ಸಣ್ಣ ಸೂಜಿ ಇರಲಿಲ್ಲ, ದಪ್ಪದ್ದು ಹಾಕಿದೆ. ಈಗ ಇವರು ಎದ್ದು ಕೂತಾಗೆಲ್ಲ ನೀರು ಸೋರಿ ಮೆದುಳು ಕೆಳಗೆ ಜಗ್ತದೆ. ಅದೇ ನೋವು."

ತನ್ನ ಕೈಯಿಂದಲೇ ಹೀಗಾಯಿತೆಂದು ಒಪ್ಪಿಕೊಳ್ಳುವ ಡಾಕ್ಟರನ್ನು ಕಲ್ಲವ್ವ ತಲೆಯೆತ್ತಿ ನೋಡಿದಳು.

"ನಿಮ್ಮದು ಭತ್ತದ ಗದ್ದೆ ಅಲ್ವಾ? ಬದುವಿಗೆ ಏಡಿ ತೂತು ಮಾಡಿದರೆ ಏನು ಹಾಕಿ ಮುಚ್ತೀರಿ?"

"ಅಲ್ಲೇ ಗದ್ದಿ ಮಣ್ಣು ಮೆತ್ತತೀವ್ರಿ."

"ಹೊರಗಿನ ಜಲ್ಲಿ, ಮರಳು?"

"ಅದು ಹಿಡಿಯೂದಿಲ್ಲ. ಅದ ಗದ್ದಿ ಮಣ್ಣ ಆಗಬೇಕು."

ಹೇಳಿದ ಮೇಲೆ ಕಲ್ಲವ್ವ ತನ್ನ ಮಾತನ್ನೇ ತಾನು ಮತ್ತೊಮ್ಮೆ ಕೇಳಿಸಿಕೊಂಡಳು. ರಕ್ತವೂ ಹೆಪ್ಪುಗಟ್ಟುತ್ತದೆ. ಕುಡುಗೋಲು ತಾಗಿದ ಗಾಯ ಅದರಿಂದಲೇ ಮುಚ್ಚುವುದನ್ನು ಎಷ್ಟು ಸುಗ್ಗಿಯಲ್ಲಿ ನೋಡಿಲ್ಲ! ಭಯ ಹೋಗಲಿಲ್ಲ. ಆದರೆ ಅದಕ್ಕೆ ಒಂದು ದಂಡೆ ಸಿಕ್ಕಿತು.

"ಅವ್ವ, ನೀ ಹೂಂ ಅಂದರ ಹೂಂ," ಎಂದ ಮಗ.

"ನನ್ನ ಬೆನ್ನೇನಲ್ಲಪ್ಪ ಅದು. ಆಕೀನ್ನ ಕೇಳು."

ನೀಲಗಂಗವ್ವ ಕಣ್ಣು ತೆರೆದು ಹೂಂ ಎಂದಳು.

ಪರಿಮಳಾ ಅವಳನ್ನು ಮಗ್ಗುಲಿಗೆ ತಿರುಗಿಸಿ, ಮೊಣಕಾಲು ಎದೆಗೆ ತಾಗುವಂತೆ ಮುದುಡಿಸಲು ನೋಡಿದಳು. ಕರಡಿಗೆ ಹೊಟ್ಟೆಯ ಹೊಲಿಗೆಗೆ ಒತ್ತುತ್ತಿತ್ತು. "ಇದನ್ನ ತೆಗೀಬೇಕಾಗ್ತದೆ," ಎನ್ನುತ್ತಾ ಈ ಸಲ ಕತ್ತರಿ ಮುಟ್ಟದೆ, ಗಂಟನ್ನು ಉಗುರಿನಿಂದ ನಿಧಾನವಾಗಿ ಬಿಚ್ಚಿ, ದಾರದ ಸಮೇತ ಕರಡಿಗೆಯನ್ನು ನೀಲಗಂಗವ್ವನ ಕೈಗೇ ಕೊಟ್ಟಳು. "ಯಾರ ಹತ್ತಿರ ಕೊಡ್ತೀರಿ?"

ಕಲ್ಲವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಗಂಡನಿಗೆ ಕೊಡುತ್ತಾಳೆ, ಇಲ್ಲವೇ ನರ್ಸಿಗೆ ಎಂದುಕೊಂಡಳು.

"ಅತ್ತಿ," ಎಂದಳು ನೀಲಗಂಗವ್ವ. "ಹಿಡೀರಿ."

ಕಲ್ಲವ್ವ ಅಲುಗಲಿಲ್ಲ. ಡಾಕ್ಟರು ಹೇಳಿದ ರಕ್ತದ ಮಾತಿಗಿಂತ ದೊಡ್ಡ ಪೆಟ್ಟು ಇದಾಗಿತ್ತು.

"ಕೇಳಿಲ್ಲೇನ ನೀನು? ನಾನು ಬೀಳಿಸೀನಿ."

"ಕೇಳೀನಿ. ಬೀಳಿಸಿದವರು ಮತ್ತ ಬೀಳಸೂದಿಲ್ಲ. ಹಿಡೀರಿ, ತಿರುಗಿ ನನಗ ಕೊಡ್ರಿ."

ಕಲ್ಲವ್ವ ಎಡ ಅಂಗೈ ಒಡ್ಡಿದಳು. ಕರಡಿಗೆ ಸೊಸೆಯ ಮೈಬಿಸಿಯಿಂದ ಬೆಚ್ಚಗಿತ್ತು. ಮುಷ್ಟಿ ಮುಚ್ಚಿ ಎದೆಗೆ ಒತ್ತಿಕೊಂಡಳು.

ಆಮೇಲಿನದು ಅವಳಿಗೆ ಕನಸಿನಂತೆ ಕಂಡಿತು. ಬೆನ್ನಿನ ಮೇಲೆ ಡಾಕ್ಟರ ಬೆರಳು ಎಲುಬು ಎಲುಬು ಎಣಿಸುತ್ತಾ ಇಳಿದು ಒಂದು ಕಡೆ ನಿಂತಿತು. ಸೂಜಿ ಒಳಗೆ ಹೋಗುತ್ತಾ ಹೋಗುತ್ತಾ, ಚೀಲವನ್ನು ಮುಟ್ಟುವ ಮೊದಲೇ ತಡೆದು ನಿಂತಿತು. ಡಾಕ್ಟರ ಹಣೆಯಿಂದ ಆ ಚಳಿಯಲ್ಲೂ ಬೆವರು ಇಳಿಯಿತು. "ಈಗ," ಎಂದರು. ಪರಿಮಳಾ ತೋಳಿನಿಂದ ರಕ್ತ ಎಳೆದಳು. ಗಾಜಿನ ಕೊಳವೆಯಲ್ಲಿ ಅದು ಕರಿಗೆಂಪಾಗಿ ಏರಿತು. ಕೈಯಿಂದ ಕೈಗೆ ದಾಟಿ, ಬೆನ್ನಿನಲ್ಲಿ ನಿಧಾನವಾಗಿ ಇಳಿಯತೊಡಗಿತು. ನೀಲಗಂಗವ್ವ "ಬಿಗಿಯಾಗತೈತಿ" ಎಂದು ನರಳಿದಳು.

ಅದೇ ಹೊತ್ತಿಗೆ ತೊಟ್ಟಿಲಲ್ಲಿ ಕೂಸು ಕಿರುಚಿಕೊಂಡಿತು. ಕಲ್ಲವ್ವನ ಎರಡೂ ತೋಳು ತಾವಾಗಿಯೇ ಅತ್ತ ಹೊರಟವು. ಅರ್ಧ ದಾರಿಯಲ್ಲಿ ಎಡಗೈ ನಿಂತಿತು, ತಿರುಗಿ ಎದೆಗೆ ಬಂತು. ಬಲಗೈಯೊಂದರಲ್ಲೇ ತೊಟ್ಟಿಲು ತೂಗಿದಳು. ತುಟಿ ಶಿವನಾಮ ಹೇಳುತ್ತಿತ್ತು. ಕಣ್ಣೀರು ಮೂಗಿನ ತುದಿಯಿಂದ ಬೀಳುತ್ತಿದ್ದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಒಂದು ತಾಸು ಅಂಗಾತ ಮಲಗಿಸಿದರು. ಹೊರಗೆ ಮಂಜು ಕರಗಿ ಕಿಟಕಿಯಲ್ಲಿ ಬಿಸಿಲು ಬಂತು.

"ಈಗ ಮೆಲ್ಲಗೆ ಏಳಿ," ಎಂದರು ಡಾಕ್ಟರು.

ನೀಲಗಂಗವ್ವ ಒಂದು ಗೇಣು ಎದ್ದಳು. ಎಲ್ಲರೂ ಆ ಒನಕೆಯ ಪೆಟ್ಟಿಗೆ ಕಾದರು. ಇನ್ನೊಂದು ಗೇಣು. ಪರಿಮಳಾಳ ಭುಜಕ್ಕೆ ಆತು ಪೂರ್ತಿ ಕೂತಳು. ವಾಂತಿಯಾಗಲಿಲ್ಲ. ಹಣೆಯನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿಕೊಂಡಳು, ತನ್ನದೋ ಅಲ್ಲವೋ ಎನ್ನುವ ಹಾಗೆ.

"ಇಲ್ಲ," ಎಂದಳು. ಬೆರಗಿನಿಂದ ಮತ್ತೆ ಅಂದಳು, "ಏನೂ ಇಲ್ಲರೀ. ಬೆನ್ನು ಒಂದೀಟು ನೋಯತೈತಿ, ಅಷ್ಟ."

ದಿನಕರ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಚಂದ್ರಶೇಖರಪ್ಪ ಬಾಗಿಲ ಚೌಕಟ್ಟು ಹಿಡಿದು ಅಳತೊಡಗಿದ. ಕಲ್ಲವ್ವ ಮಾತ್ರ ಮುಷ್ಟಿಯನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು. ಈಗಷ್ಟೇ ಕಣ್ಣೆದುರು ನಡೆದದ್ದನ್ನು ನಂಬಲು ಅವಳಿಗೆ ಇನ್ನೂ ಹೊತ್ತು ಬೇಕಾಗಿತ್ತು.

ಪರಿಮಳಾ ತಂಬಿಗೆಯ ಹಳೆಯ ನೀರು ಚೆಲ್ಲಿ ಹೊಸದು ತಂದಿಟ್ಟಳು. ನೀಲಗಂಗವ್ವ ಮುಖ ತೊಳೆದು, ವಿಭೂತಿ ಧರಿಸಿ, ಎಡ ಅಂಗೈಯನ್ನು ಅತ್ತೆಯ ಕಡೆ ಚಾಚಿದಳು.

ಕಲ್ಲವ್ವ ಬಲಗೈಯಿಂದ ತನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕರಡಿಗೆಯ ಅಂಚು ಅಂಗೈಯಲ್ಲಿ ಅಚ್ಚೊತ್ತಿತ್ತು. ಏನೂ ಮಾತಾಡದೆ ಬಾಗಿ, ಅದನ್ನು ಸೊಸೆಯ ಅಂಗೈಯಲ್ಲಿ ಇಟ್ಟಳು.