ಆಷಾಢದ ಕರಾರು

ಸರಸಮ್ಮನಿಗೆ ಪಿತ್ತಕೋಶದ ಕಲ್ಲಿಗಿಂತ ಹೆಚ್ಚು ಕಾಟ ಕೊಟ್ಟಿದ್ದು ಇನ್ಶೂರೆನ್ಸ್ ಕಾರ್ಡು. ಕಲ್ಲಾದರೂ ಊಟವಾದ ಮೇಲೆ ಕಾಡುತ್ತಿತ್ತು. ಕಾರ್ಡು ಹಗಲೂ ರಾತ್ರಿ ತಲೆ ತಿನ್ನುತ್ತಿತ್ತು. ಇನ್ನೊಂದು ಸಲ ನೋವು ಜೋರಾಗಿ ಬಂದರೆ ಒಳಗೆ ಕೀವಾಗಬಹುದು, ಅಷ್ಟರೊಳಗೆ ತೆಗೆಸಿಬಿಡಿ ಎಂದು ಡಾಕ್ಟರು ಹೇಳಿ ಆಗಿತ್ತು. ತೆಗೆಸಿಕೊಳ್ಳಲು ಸರಸಮ್ಮ ತಯಾರು. ತೆಗೆಯುವವರು ಯಾರು ಅನ್ನುವುದೇ ಇತ್ಯರ್ಥವಾಗುತ್ತಿರಲಿಲ್ಲ.

ಹೊಳೆನರಸೀಪುರದಿಂದ ಗಂಡ ಹೆಂಡತಿ ಮೊದಲು ಬಂದಿದ್ದು ಹಾಸನದ ಈ ಖಾಸಗಿ ಆಸ್ಪತ್ರೆಗೇ. ಕಾರ್ಡು ತೋರಿಸಿದರೆ ಸಾಕು, ಕೈಯಿಂದ ಏನೂ ಕಟ್ಟಬೇಕಿಲ್ಲ, ಕಂಪನಿಯೇ ಆಸ್ಪತ್ರೆಗೆ ಕೊಡುತ್ತದೆ ಎಂಬ ನಂಬಿಕೆ. ಆದರೆ ಕಂಪನಿಗೂ ಆಸ್ಪತ್ರೆಗೂ ಇದ್ದ ಕರಾರು ಮುಗಿದುಹೋಗಿತ್ತು, ಹೊಸದು ಆಗಿರಲಿಲ್ಲ. ಕಂಪನಿಗೆ ಫೋನು ಮಾಡಿದರೆ ಅರಕಲಗೂಡಿನ ಒಂದು ಆಸ್ಪತ್ರೆಯ ಹೆಸರು ಹೇಳಿದರು. ಹೋಗಿ ನೋಡಿದರೆ ಅದು ಹೆರಿಗೆ ಆಸ್ಪತ್ರೆ. ಅಲ್ಲಿನ ನರ್ಸು ಸರಸಮ್ಮನ ನರೆತ ತಲೆಯನ್ನು ನೋಡಿ, ಮಗಳು ಹಿಂದೆ ಬರ್ತಿದಾಳಾ ಎಂದು ಕೇಳಿದಳು. ಆಮೇಲೆ ಚನ್ನರಾಯಪಟ್ಟಣ. ಅಲ್ಲಿ ಕರಾರಿತ್ತು, ಬೆಡ್ಡಿತ್ತು, ಆಪರೇಷನ್ನಿನ ಮಿಷಿನ್ನು ಮಾತ್ರ ಇರಲಿಲ್ಲ. ನೋಡಿದ ಡಾಕ್ಟರು ಹಾಸನದ ಇದೇ ಆಸ್ಪತ್ರೆಯಿಂದ ಬಂದುಹೋಗುವವರು. "ಹಾಸನಕ್ಕೇ ಬಂದುಬಿಡಿ ಅಮ್ಮ, ಅಲ್ಲಿ ನಾನೇ ಮಾಡ್ತೀನಿ" ಎಂದು ಅಭಯ ಕೊಟ್ಟು ಕಳಿಸಿದರು. ಹೀಗೆ ಅರ್ಧ ಜಿಲ್ಲೆಗೆ ಪ್ರದಕ್ಷಿಣೆ ಹಾಕಿ ಇವತ್ತು ಮತ್ತೆ ಅದೇ ಕೌಂಟರು.

"ಈ ತಿಂಗಳು ಆಗಲ್ಲ ಅಮ್ಮ," ಎಂದಳು ಕೌಂಟರಿನ ದೀಪಶ್ರೀ. "ಆಷಾಢ ಕಳೀಲಿ. ಆಷಾಢದಲ್ಲಿ ಹೊಸ ಕರಾರು ಬೇಡ ಅಂತ ನಮ್ ಓನರ್‌ಗೆ ಪುರೋಹಿತರು ಹೇಳಿದಾರಂತೆ. ನಿಮ್ಮ ಹೊಳೆನರಸೀಪುರದೋರೇ ಅಂತೆ."

ಸರಸಮ್ಮ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದರು. ತಿರುನಾರಾಯಣ ಅಯ್ಯಂಗಾರರು ತಮ್ಮ ಛತ್ರಿಯ ಹಿಡಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಸುತ್ತಲಿನ ಊರುಗಳ ಮದುವೆ, ಗೃಹಪ್ರವೇಶ, ಬೋರ್‌ವೆಲ್ಲು ಎಲ್ಲಕ್ಕೂ ದಿನ ಇಟ್ಟುಕೊಡುವವರು ಅವರು. ಈ ಆಸ್ಪತ್ರೆಯ ಕಟ್ಟಡಕ್ಕೆ ಹೋಮ ಮಾಡಿಸಿದ್ದೂ ಅವರೇ.

"ನೀವೇನ್ರೀ ಅದು?" ಬೆಂಚಿನಲ್ಲಿ ಕೂತ ಮೇಲೆ ಸರಸಮ್ಮ ಪಿಸುಗುಟ್ಟಿದರು.

"ಇಲ್ಲಿನ ಓನರ್ ಅಮರನಾಥ ಫೋನ್ ಮಾಡಿದ್ದ. ಹೊಸ ಕರಾರಿದೆ, ಆಷಾಢದಲ್ಲಿ ಆಗುತ್ತಾ ಅಂದ. ಸೈಟೋ ಗೀಟೋ ತಗೋತಿದಾನೆ ಅಂದ್ಕೊಂಡೆ ಕಣೇ. ಬೇಡಪ್ಪ ಅಂದೆ."

"ಯಾವ ಕರಾರು ಅಂತ ಒಂದು ಮಾತು ಕೇಳೋಕೆ ಬಾಯಿ ಬಿದ್ದುಹೋಗಿತ್ತಾ?"

"ದಿನ ಕೇಳಿದರು, ದಿನ ಹೇಳಿದೆ. ಅವರ ವ್ಯವಹಾರ ನಾವು ಕೆದಕಬಾರದು ಸರಸ."

ಮದುವೆಯಾದಾಗಿನಿಂದ ಸರಸಮ್ಮ ಸಂಸಾರ ಮಾಡಿದ್ದು ಪಂಚಾಂಗದ ಜೊತೆ. ತವರಿಗೆ ಹೋಗಲು ಒಂದು ದಿನ, ಬರಲು ಒಂದು ದಿನ, ಹೊಸ ಮಿಕ್ಸಿಯ ಡಬ್ಬಿ ಬಿಚ್ಚಲೂ ಒಂದು ದಿನ. ಎಲ್ಲ ಸಹಿಸಿದ್ದರು. ಈಗ ಹೊಟ್ಟೆಯೊಳಗಿನ ಕಲ್ಲೂ ಶ್ರಾವಣಕ್ಕೆ ಕಾಯಬೇಕು ಅಂದಾಗ ಮೈಯೆಲ್ಲ ಉರಿದುಹೋಯಿತು.

ಅದೇ ಬೆಂಚಿನ ತುದಿಯಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಮುದುಕಿ ಕೂತಿದ್ದಳು. ಮಲ್ಲಿಪಟ್ಟಣದ ದೊಡ್ಡತಾಯಮ್ಮ ಎಂದು ತಾನೇ ಪರಿಚಯ ಹೇಳಿಕೊಂಡಳು. ಅವಳಿಗೂ ಮಗನ ಫ್ಯಾಕ್ಟರಿಯವರು ಮಾಡಿಸಿದ ಅದೇ ಕಂಪನಿಯ ಕಾರ್ಡು.

"ಯಾವನೋ ಐನೋರಂತೆ ಕಣವ್ವ, ಅವನ ಮನೆ ಎಕ್ಕುಟ್ಟೋಗ," ಎಂದಳು. "ನಂಗೆ ಸಕ್ಕರೆ ಕಾಯ್ಲೆ. ಬೆರಳು ತಗೀಬೇಕು, ತಡ ಆದ್ರೆ ಕಾಲೇ ಓಯ್ತದೆ ಅಂತಾವ್ರೆ. ಆಸಾಡ ಅಂದ್ಬುಟ್ರೆ ಗಾಯ ಕೊಳೆಯಾದು ನಿಲ್ಲಿಸ್ಬುಡ್ತದಾ?"

ಅಯ್ಯಂಗಾರರು ಆ ಕಾಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಬಾ," ಎಂದು ಎದ್ದು ಮಹಡಿಯ ಮೆಟ್ಟಿಲ ಕಡೆ ನಡೆದರು. ಸರಸಮ್ಮ ಪಕ್ಕೆ ಒತ್ತಿಕೊಂಡು ಹಿಂದೆಯೇ ಹತ್ತಿದರು.

ಅಮರನಾಥ ಕುರ್ಚಿಯಿಂದೆದ್ದು ಕಾಲಿಗೆ ನಮಸ್ಕಾರ ಮಾಡಿದ. ಅಯ್ಯಂಗಾರರು ಕೂರಲಿಲ್ಲ.

"ಇವತ್ತು ದಿನ ಚೆನ್ನಾಗಿದೆ ಅಮರನಾಥ. ಇವತ್ತೇ ಕರಾರಿಗೆ ಸಹಿ ಹಾಕು. ರೋಗಿಗಳ ಕೆಲಸಕ್ಕೆ ಆಷಾಢದ ಅಡ್ಡಿ ಇಲ್ಲ, ನಾನು ಕೇಳದೆ ಹೇಳಿಬಿಟ್ಟೆ. ದೋಷ ಏನಿದ್ದರೂ ನನಗಿರಲಿ."

ದಿನದ ವಿಷಯದಲ್ಲಿ ಹೇಳಿದ ಮಾತನ್ನು ತಮ್ಮ ಗಂಡ ವಾಪಸು ತೆಗೆದುಕೊಂಡದ್ದನ್ನು ಸರಸಮ್ಮ ನೋಡಿದ್ದು ಇದೇ ಮೊದಲು. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಸಿಟ್ಟು ಅರ್ಧ ಇಳಿಯಿತು.

ಅಮರನಾಥ ಸಂಕೋಚದಿಂದ ನಕ್ಕ. "ದಿನದ್ದಲ್ಲ ಸ್ವಾಮಿ, ರೇಟಿಂದು. ಆಪರೇಷನ್ನಿಗೆ ಕಂಪನಿಯೋರು ಕೊಡೋದು ನಮಗೆ ಗಿಟ್ಟಲ್ಲ, ನಾವು ಕೇಳೋದು ಅವರು ಕೊಡಲ್ಲ. ಪೇಷಂಟುಗಳು ಕಂಪನಿ ಮೇಲೆ ಗಲಾಟೆ ಮಾಡಿದ್ರೆ ಅವರು ದಾರಿಗೆ ಬರ್ತಾರೆ. ಅವರೂ ಹಂಗೇ ಕೂತಿದಾರೆ, ಜನ ನಮ್ಮ ಮೇಲೆ ಬೀಳ್ಲಿ ಅಂತ."

"ಮತ್ತೆ ಆಷಾಢ ಅಂದಿದ್ದು?"

"ಕೌಂಟರ್ ಹತ್ರ ದಿನಾ ಜಗಳ ಸ್ವಾಮಿ. ರೇಟು ಅಂದ್ರೆ ಯಾರೂ ಒಪ್ಪಲ್ಲ. ಪುರೋಹಿತರು ಬೇಡ ಅಂದಿದಾರೆ ಅಂದ್ರೆ ಸುಮ್ನೆ ಎದ್ದು ಹೋಗ್ತಾರೆ. ಅದಕ್ಕೇ ನಿಮಗೆ ಫೋನ್ ಮಾಡಿ ಕೇಳಿದ್ದು, ತಪ್ಪು ತಿಳ್ಕೋಬೇಡಿ. ಅಮ್ಮಾವ್ರದು ಅರ್ಜೆಂಟಿದ್ರೆ ಈಗ ಕೈಯಿಂದ ಕಟ್ಟಿ ಮಾಡಿಸ್ಕೊಳ್ಳಿ, ಆಮೇಲೆ ಕಂಪನಿ ಹತ್ರ ಕೇಳ್ಕೊಂಡ್ರಾಯ್ತು."

ಅಯ್ಯಂಗಾರರು ಹೊರಗೆ ಬಂದರು. ಅವರ ಮುಖ ನೋಡಿ ಸರಸಮ್ಮನ ಉಳಿದರ್ಧ ಸಿಟ್ಟು ಅಮರನಾಥನ ಕಡೆ ತಿರುಗಿತು. ಪಂಚಾಂಗವನ್ನು ತಾವು ಎಷ್ಟು ಬೇಕಾದರೂ ಬೈಯಬಹುದು, ಅದು ಮನೆಯ ಮಾತು. ಇವನು ಅದನ್ನು ಬಾಗಿಲಿಗೆ ಬೀಗದ ಹಾಗೆ ಹಾಕಿಕೊಂಡಿದ್ದಾನಲ್ಲ.

ಕೆಳಗೆ ಹಜಾರದಲ್ಲಿ ಅಯ್ಯಂಗಾರರು ಬೆಂಚುಗಳ ನಡುವೆ ನಿಂತರು. ಮೈಕಿಲ್ಲದೆ ಮದುವೆ ಮಂಟಪ ತುಂಬುವ ಧ್ವನಿ ಅವರದು. "ಆ ಪುರೋಹಿತ ನಾನೇ. ದಿನ ಇವತ್ತೇ ಚೆನ್ನಾಗಿದೆ, ಮೇಲೆ ಹೇಳಿ ಬಂದೆ. ತಡ ಆಗ್ತಿರೋದು ದಿನಕ್ಕಲ್ಲ. ಕಂಪನಿಯೋರಿಗೂ ಇವರಿಗೂ ರೇಟು ಕುದುರಿಲ್ಲ, ಅದಕ್ಕೆ."

ದೊಡ್ಡತಾಯಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಬೈದದ್ದಕ್ಕೆ ನಾಲಿಗೆ ಕಚ್ಚಿಕೊಳ್ಳಲೂ ಇಲ್ಲ.

"ರೇಟಾ? ನಾವೇನು ಮಾರ್ಕೆಟ್ಗೆ ಬಂದಿರೋ ಆಲೂಗೆಡ್ಡೆ ಮೂಟೆನಾ, ಕೊಳೆಯೋಗಂಟ ಇಬ್ರೂ ಕೂಗ್ತಾ ಕುಂತ್ಕಳಕೆ? ಎಲ್ಲವ್ನೆ ಅವ್ನು?" ಕೋಲೂರಿಕೊಂಡು ಎದ್ದಳು. ಅವಳ ಹಿಂದೆ ಇನ್ನೊಂದು ಬೆಂಚು ಎದ್ದಿತು, ಅದರ ಹಿಂದೆ ಮತ್ತೊಂದು.

"ಮನೆಗೆ ಹೋಗೋಣವಾ ಸರಸ?" ಅಯ್ಯಂಗಾರರು ಮೆಲ್ಲಗೆ ಕೇಳಿದರು. "ನೋವು ಶುರುವಾಗಿದೆ ನಿನಗೆ, ಗೊತ್ತಾಗ್ತಿದೆ."

"ಶುರುವಾಗಿದೆ. ಅದಕ್ಕೇ ಮನೆಗೆ ಹೋಗಲ್ಲ. ಕೈ ಹಿಡ್ಕೊಳ್ಳಿ, ಮೇಲೆ ಹೋಗೋಣ."

ಮೆಟ್ಟಿಲು ಹತ್ತುವಷ್ಟರಲ್ಲಿ ಅಮರನಾಥನ ಕೋಣೆ ತುಂಬಿಹೋಗಿತ್ತು. "ಅಜ್ಜಿ, ನನ್ನ ಕೈಲಿ ಏನಿದೆ ಹೇಳಿ, ಆಷಾಢ ಒಂದು..." ಎನ್ನುತ್ತಿದ್ದವನು ಬಾಗಿಲಲ್ಲಿ ಅಯ್ಯಂಗಾರರನ್ನು ಕಂಡು ಮಾತನ್ನು ಅಲ್ಲಿಗೇ ಬಿಟ್ಟ. ಸರಸಮ್ಮ ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಹಣೆಯಲ್ಲಿ ಬೆವರೊಡೆದಿತ್ತು.

"ಕಂಪನಿಗೆ ಫೋನ್ ಮಾಡಿ," ಎಂದರು. "ನಮ್ಮೆದುರಿಗೇ ಮಾತಾಡಿ. ನಮಗೆಲ್ಲ ಎಷ್ಟು ಬೆಲೆ ಕಟ್ಟಿದೀರಿ ಅಂತ ನಾವೂ ಕೇಳಿಸ್ಕೋತೀವಿ."