ಅವ್ವನ ಮರಗಟ್ಟಿದ ಎದೆ

ಅವ್ವನ ಎಡ ಮೊಲೆ ತೆಗೆದು ಐದು ತಿಂಗಳಾಗಿತ್ತು. ಗಾಯ ಮಾಯ್ದಿತ್ತು, ನೋವು ಮಾತ್ರ ಹೋಗಿರಲಿಲ್ಲ. ಕುಪ್ಪಸ ತಾಗಿದರೆ ಉರಿ. ನನ್ನ ಹಳೆ ಅಂಗಿ ಹಾಕಿಕೊಂಡು ಕೂರುತ್ತಿದ್ದಳು. ಚಿಮ್ಮಡದ ನಮ್ಮ ಓಣಿಯ ಹೆಂಗಸರು ಬರುವುದನ್ನೇ ಬಿಟ್ಟಿದ್ದರು. ಕ್ಯಾನ್ಸರ್ ಅಂಟುತ್ತದಂತೆ! ಸೋದರತ್ತೆ ಕಸ್ತೂರೆವ್ವ ಕೂಡ ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಓಡುತ್ತಿದ್ದಳು. ಒಂದು ದಿನ ಅದನ್ನು ನಾಯಿಗೆ ಎಸೆದೆ.

"ಆಕಿ ಮ್ಯಾಲಿನ ಸಿಟ್ಟು ರೊಟ್ಟಿ ಮ್ಯಾಲ್ಯಾಕೋ ಬಾಡ್ಯಾ? ನಾ ಏನ್ ತಿನ್ಲಿ?" ಅಂದಳು ಅವ್ವ.

ನೋವಿಗೆಂದು ಬೆಳಗಾವಿಗೆ ಕರೆದೊಯ್ದಾಗ ಡಾಕ್ಟರರು ಪಕ್ಕೆಲುಬಿನ ಸಂದಿಗೆ ದಪ್ಪ ಸೂಜಿ ಇಳಿಸಿ, ನೋವು ತರುವ ನರಗಳನ್ನು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿದರು. ಅವ್ವ ಇನ್ನೂ ಮಂಪರಿನಲ್ಲಿದ್ದಾಗ ನರ್ಸ್ ನನ್ನನ್ನು ಕರೆದಳು.

"ಎದಿ ಎಡಗಡೆ ಮೂರ್ನಾಕು ತಿಂಗಳು ಮರಗಟ್ಟಿರ್ತೈತ್ರಿ. ಸುಟ್ರೂ ಗೊತ್ತಾಗೂದಿಲ್ಲ. ಕಾವು ಗೀವು ಕೊಡಬ್ಯಾಡ್ರಿ, ಅವ್ರಿಗೂ ಹೇಳ್ರಿ."

ಹೂಂ ಅಂದೆ. ಅವ್ವನಿಗೆ ಹೇಳಲಿಲ್ಲ. ಹೆತ್ತವಳ ಎದೆಯ ಮಾತು ಮಗನ ಬಾಯಲ್ಲಿ ಹೇಗೆ ಬರಬೇಕು?

ಬಸ್ಸಿನಲ್ಲಿ ಅವ್ವ ಕಿಟಕಿಗೆ ಒರಗಿ ನಿದ್ದೆ ಹೋದಳು. ಐದು ತಿಂಗಳಲ್ಲಿ ಅದೇ ಮೊದಲ ನೆಮ್ಮದಿಯ ನಿದ್ದೆ.

ಎಂಟನೆಯ ದಿನ ಕರೆಂಟು ಹೋಗಿ ಬನಹಟ್ಟಿಯಲ್ಲಿ ನಾನು ದುಡಿಯುವ ಮಗ್ಗ ನಿಂತಿತು. ಮಧ್ಯಾಹ್ನವೇ ಮನೆಗೆ ಬಂದೆ. ಉಣ್ಣೆ ಕಮರಿದ ವಾಸನೆ. ಅವ್ವ ಗೋಡೆಗೆ ಮುಖ ಮಾಡಿ, ಒಲೆಯಲ್ಲಿ ಕಾಸಿದ ಇಟ್ಟಿಗೆಯನ್ನು ಕಂಬಳಿ ತುಂಡಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಮನುಷ್ಯರಿಗಿರಲಿ, ಕುರಿಗಿರಲಿ, ಮೈ ಮರಗಟ್ಟಿದರೆ ಕುರಿ ಕಾಯುವ ನಮ್ಮವರಿಗೆ ಗೊತ್ತಿರುವ ಮದ್ದು ಅದೊಂದೇ.

"ಏನ್ ಮಾಡಾಕತ್ತಿ ಬೇ!"

"ರಕ್ತ ಆಡವಲ್ದೋ ಯಲ್ಲ್ಯಾ. ಎಷ್ಟ ಕಾಸಿದ್ರೂ ಇಟ್ಟಂಗಿ ಎದಿಗೆ ಬಿಸೀನ ಅನಸವಲ್ದು."

ಕಿತ್ತುಕೊಂಡೆ. ಅಂಗಿಯ ಸಂದಿಯಲ್ಲಿ ಅಂಗೈಯಗಲ ಬೊಬ್ಬೆ ಕಂಡಿತು. ಓಣಿಗೆ ಬಂದು ಕಿರುಚಿದೆ. "ನಿಮ್ಮೊಳಗ ಒಬ್ಬಾಕೆರ ಒಳಗ ಬಂದಿದ್ರ ನೋಡ್ತಿದ್ದಿಲ್ಲೇನ್ರೇ?"

ಕಸ್ತೂರೆವ್ವ ತನ್ನ ಬಾಗಿಲಲ್ಲೇ ನಿಂತು ಕೇಳಿದಳು: "ದವಾಖಾನಿಯವ್ರು ನಿನಗ ಏನೂ ಹೇಳಿದ್ದಿಲ್ಲೇನೋ?"

ಒಳಗೆ ಬಂದು ತಣ್ಣೀರಿನ ಕೊಡ ತೆಗೆದುಕೊಂಡೆ.

"ಅಂಗಿ ಬಿಚ್ಚು ಯವ್ವಾ. ನರ್ಸ್ ನನಗ ಹೇಳಿದ್ಲು, ಕಾವು ಕೊಡಬ್ಯಾಡ್ರಿ ಅಂತ. ನಾನ ಹೇಳಲಿಲ್ಲ."

"ಗಂಡ್ಮಗ ನೀ. ಆಚಿ ನಡಿ."

ನಡೆಯಲಿಲ್ಲ. ಕೊನೆಗೆ ಅವಳೇ ಗುಂಡಿ ಬಿಚ್ಚಿ ಮುಖ ತಿರುಗಿಸಿದಳು. ಚೊಂಬಿನಿಂದ ಸಣ್ಣಗೆ ನೀರು ಬಿಟ್ಟೆ.

"ಹಾಕಾಕತ್ತೀ ಏನು? ಗೊತ್ತಾಗವಲ್ದು."

"ಹಾಕಾಕತ್ತೇನಿ."

"ಹಂಗ ಹೇಳ್ಕೋತ ಇರು ಮತ್ತ," ಅಂದಳು ಅವ್ವ.